ಪಿಎಂ ಕಿಸಾನ್, ಬೆಳೆ ಪರಿಹಾರ, ವಿಮೆ, ಸಬ್ಸಿಡಿ: ನಮ್ಮ ಭಾಗದ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಯಾವ ಊರಿನ ಕಟ್ಟೆ ಮೇಲೆ ಕೂತರೂ ಒಂದು ಮಾತು ಬಂದೇ ಬರುತ್ತದೆ. "ಬಾಜು ಹೊಲದವರಿಗೆ ದುಡ್ಡು ಬಂತು, ನಮಗ್ಯಾಕೆ ಬರಲಿಲ್ಲ?" ಬಹಳ ಸಲ ಇದಕ್ಕೆ ಉತ್ತರ ಹೊಲದಲ್ಲಿ ಸಿಗೋದಿಲ್ಲ, ಪಹಣಿಯಲ್ಲಿ ಸಿಗುತ್ತದೆ. ಸರ್ಕಾರದ ದುಡ್ಡು ದಾಖಲೆ ಹಿಡಿದುಕೊಂಡೇ ಬರುತ್ತದೆ. ಹೆಸರು, ಸರ್ವೆ ನಂಬರ್, ಬ್ಯಾಂಕ್ ಖಾತೆ, ಇದರಲ್ಲಿ ಒಂದು ಕೊಂಡಿ ಕಳಚಿದರೂ ಬೆವರು ಸುರಿಸಿದವರ ಕೈಗೆ ಅದು ಮುಟ್ಟೋದಿಲ್ಲ. ಹಾಗಾಗಿ ಇಲ್ಲಿ ಯೋಜನೆಗಳ ಹೆಸರಿಗಿಂತ ದಾಖಲೆ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಎಲ್ಲಕ್ಕಿಂತ ಮೊದಲು ಏನು ಸರಿ ಮಾಡಿಕೊಳ್ಳಬೇಕು?

ಎಫ್‌ಐಡಿ. ಸರ್ಕಾರದ 'ಫ್ರೂಟ್ಸ್' ಅನ್ನುವ ರೈತರ ನೋಂದಣಿ ವ್ಯವಸ್ಥೆಯಲ್ಲಿ ಕೊಡುವ ಗುರುತಿನ ನಂಬರ್ ಇದು. ಫ್ರೂಟ್ಸ್ ನಂಬರ್ ಅಂತಲೂ ಕರೆಯುತ್ತಾರೆ, ಎರಡೂ ಒಂದೇ. ಕರ್ನಾಟಕದಲ್ಲಿ ಪಿಎಂ ಕಿಸಾನ್, ಬೆಳೆ ಪರಿಹಾರ, ಬೆಳೆ ವಿಮೆ, ಬೆಂಬಲ ಬೆಲೆಗೆ ತೊಗರಿ ಅಥವಾ ಕಡಲೆ ಮಾರೋದು, ಯಂತ್ರದ ಸಬ್ಸಿಡಿ, ಎಲ್ಲದಕ್ಕೂ ಇದನ್ನೇ ಕೇಳುತ್ತಾರೆ. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್, ಫೋಟೋ, ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ಜಾತಿ ಪ್ರಮಾಣಪತ್ರ ತೆಗೆದುಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ತೋಟಗಾರಿಕೆ, ರೇಷ್ಮೆ, ಪಶುಪಾಲನೆ ಇಲಾಖೆಯ ಕಚೇರಿಗಳಲ್ಲೂ ನೋಂದಣಿ ಆಗುತ್ತದೆ.

"ನಂದು ಯಾವಾಗೋ ಮಾಡಿಸಿದ್ದೀನಿ" ಅಂತ ಸುಮ್ನೆ ಕೂರಬೇಡಿ. ಎಫ್‌ಐಡಿ ಇದೆಯಾ ಅಂತ ನೋಡೋದು ಅರ್ಧ ಕೆಲಸ ಅಷ್ಟೇ. ಅದರೊಳಗೆ ನಿಮ್ಮ ಎಲ್ಲ ಸರ್ವೆ ನಂಬರ್ ಸೇರಿವೆಯಾ ಅಂತ ನೋಡಬೇಕು. ನಮ್ಮ ಕಡೆ ಒಬ್ಬ ರೈತನಿಗೆ ಊರ ಮುಂದೆ ಎರಡು ಎಕರೆ ಎರೆ ಹೊಲ, ಹಳ್ಳದ ಆಚೆ ಮೂರು ಎಕರೆ ಮಸಾರಿ, ಹೆಂಡತಿಯ ತವರು ಕಡೆಯಿಂದ ಇನ್ನೊಂದು ತುಂಡು, ಹೀಗೆ ಚೆದುರಿಕೊಂಡೇ ಇರುತ್ತದೆ. ನೋಂದಣಿ ಮಾಡಿಸುವಾಗ ಕೈಗೆ ಸಿಕ್ಕ ಒಂದು ಪಹಣಿ ಕೊಟ್ಟು ಬಂದಿರುತ್ತಾರೆ. ಸೇರದೇ ಉಳಿದ ಹೊಲ ಸರ್ಕಾರದ ಲೆಕ್ಕದಲ್ಲಿ ಇಲ್ಲವೇ ಇಲ್ಲ. 2023ರ ಬರಗಾಲದಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಪರಿಹಾರದ ಲೆಕ್ಕ ನಡೆದಿದ್ದು ಫ್ರೂಟ್ಸ್‌ನಲ್ಲಿದ್ದ ಜಮೀನಿನ ಮೇಲೆ. ಒಂದೇ ತುಂಡು ಸೇರಿಸಿದವರಿಗೆ ಒಂದೇ ತುಂಡಿನ ದುಡ್ಡು ಬಂತು. ಬಿತ್ತನೆ ಶುರುವಾಗುವ ಮುಂಚೆಯೇ ಹೋಗಿ ನೋಡಿಕೊಳ್ಳಿ, ಆಮೇಲೆ ನಿಮಗೂ ಪುರುಸೊತ್ತು ಇರೋದಿಲ್ಲ, ಅವರಿಗೂ ಇರೋದಿಲ್ಲ.

ಪಿಎಂ ಕಿಸಾನ್ ಯಾರಿಗೆ ಬರುತ್ತದೆ, ಎಷ್ಟು?

ವರ್ಷಕ್ಕೆ ₹6,000, ಮೂರು ಕಂತು, ಕಂತಿಗೆ ₹2,000. ಏಪ್ರಿಲ್‌ನಿಂದ ಜುಲೈ, ಆಗಸ್ಟ್‌ನಿಂದ ನವೆಂಬರ್, ಡಿಸೆಂಬರ್‌ನಿಂದ ಮಾರ್ಚ್, ಹೀಗೆ ಒಂದೊಂದು ಅವಧಿಗೆ ಒಂದೊಂದು. 2019ರ ಫೆಬ್ರುವರಿಯಲ್ಲಿ ಶುರುವಾದಾಗ ಎರಡು ಹೆಕ್ಟೇರ್‌ವರೆಗೆ ಇರುವವರಿಗೆ ಮಾತ್ರ ಇತ್ತು, ಅದೇ ವರ್ಷ ಆ ಮಿತಿ ತೆಗೆದರು. ಈಗ ಹತ್ತು ಎಕರೆ ಇದ್ದರೂ ಅಷ್ಟೇ, ಅರ್ಧ ಎಕರೆ ಇದ್ದರೂ ಅಷ್ಟೇ.

ಜಮೀನು 2019ರ ಫೆಬ್ರುವರಿ 1ಕ್ಕೆ ಮುಂಚೆ ನಿಮ್ಮ ಹೆಸರಿನಲ್ಲಿ ಇರಬೇಕು. ಅದಾದ ಮೇಲೆ ಕೊಂಡಿದ್ದಾದರೆ ಬರೋದಿಲ್ಲ. ಅಪ್ಪ ತೀರಿಕೊಂಡು ವಾರಸಾದಿಂದ ಬಂದಿದ್ದಾದರೆ ಬರುತ್ತದೆ.

ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದು ಕುಟುಂಬ, ಒಂದು ಕುಟುಂಬಕ್ಕೆ ಒಬ್ಬರಿಗೆ. ಗಂಡನಿಗೊಂದು ಹೆಂಡತಿಗೊಂದು ಅಂತ ಎರಡು ಬರುತ್ತಿದ್ದರೆ ಒಂದು ನಿಲ್ಲುತ್ತದೆ, ಕೊಟ್ಟಿದ್ದನ್ನು ವಾಪಸ್ ಕೇಳಲೂಬಹುದು. ದೊಡ್ಡವನಾದ ಮಗನ ಹೆಸರಿಗೆ ಬೇರೆ ಪಹಣಿ ಇದ್ದರೆ ಅವನದು ಬೇರೆ ಲೆಕ್ಕ.

ಸರ್ಕಾರಿ ನೌಕರರು, ತಿಂಗಳಿಗೆ ₹10,000 ಅಥವಾ ಅದಕ್ಕಿಂತ ಜಾಸ್ತಿ ಪಿಂಚಣಿ ಪಡೆಯುವವರು, ಹಿಂದಿನ ವರ್ಷ ಆದಾಯ ತೆರಿಗೆ ಕಟ್ಟಿದವರು, ಶಾಸಕರು, ಸಂಸದರು, ವೃತ್ತಿಯಲ್ಲಿರುವ ಡಾಕ್ಟರು, ವಕೀಲರು, ಎಂಜಿನಿಯರುಗಳಿಗೆ ಇಲ್ಲ. ನೌಕರರಲ್ಲಿ ಡಿ ದರ್ಜೆಯವರಿಗೆ ವಿನಾಯಿತಿ ಇದೆ. ವೃದ್ಧಾಪ್ಯ ವೇತನ ಬರುತ್ತದೆ, ಗೃಹಲಕ್ಷ್ಮಿ ಬರುತ್ತದೆ ಅನ್ನುವ ಕಾರಣಕ್ಕೆ ಪಿಎಂ ಕಿಸಾನ್ ನಿಲ್ಲೋದಿಲ್ಲ.

ಮೊದಲು ಬರುತ್ತಿತ್ತು, ಈಗ ನಿಂತಿದೆ. ಯಾಕೆ?

ಪಿಎಂ ಕಿಸಾನ್ ವೆಬ್‌ಸೈಟ್ ಅಥವಾ ಆಪ್‌ನಲ್ಲಿ ನಿಮ್ಮ ಸ್ಥಿತಿ ನೋಡಿ. ಇ-ಕೆವೈಸಿ (ಆಧಾರ್‌ನಿಂದ ಗುರುತು ಖಾತ್ರಿ ಮಾಡೋದು), ಜಮೀನು ಜೋಡಣೆ, ಬ್ಯಾಂಕಿಗೆ ಆಧಾರ್ ಜೋಡಣೆ, ಈ ಮೂರರ ಮುಂದೆಯೂ 'ಹೌದು' ಅಂತ ಇರಬೇಕು. ಯಾವುದರ ಮುಂದೆ 'ಇಲ್ಲ' ಅಂತಿದೆಯೋ ಕಾರಣ ಅದೇ.

ಇ-ಕೆವೈಸಿ ಮೊಬೈಲಿಗೆ ಬರುವ ಓಟಿಪಿಯಿಂದಲೂ ಆಗುತ್ತದೆ, ಹೆಬ್ಬೆಟ್ಟಿನಿಂದಲೂ ಆಗುತ್ತದೆ. ಆದರೆ ವರ್ಷಗಟ್ಟಲೆ ಹತ್ತಿ ಬಿಡಿಸಿ, ಕಳೆ ಕಿತ್ತು, ಭತ್ತದ ನಾಟಿ ಹಚ್ಚಿದ ಹೆಣ್ಣುಮಕ್ಕಳ ಬೆರಳಿನ ಗೆರೆಗಳು ಸವೆದಿರುತ್ತವೆ. ಯಂತ್ರ ಒಂದು ಬೆರಳು ಬೇಡ ಅನ್ನುತ್ತದೆ, ಇನ್ನೊಂದೂ ಬೇಡ ಅನ್ನುತ್ತದೆ, ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾರೆ, ಆಗೋದಿಲ್ಲ, "ನಾಳೆ ಬಾ ಅಮ್ಮ" ಅಂತ ಕಳಿಸುತ್ತಾರೆ. ದುಡಿದು ಸವೆದ ಕೈ ಅನ್ನೋ ಕಾರಣಕ್ಕೇ ದುಡ್ಡು ನಿಲ್ಲೋದು ಇದೆಯಲ್ಲ, ಅದು ನನಗೆ ಸಹಿಸಲಾಗದ ಸಂಗತಿ. ಅಂಥವರಿಗೆ ಪಿಎಂ ಕಿಸಾನ್ ಆಪ್‌ನಲ್ಲಿ ಮುಖ ತೋರಿಸಿ ಇ-ಕೆವೈಸಿ ಮಾಡುವ ದಾರಿ ಇದೆ. ಮನೆಯಲ್ಲಿ ಓದುವ ಹುಡುಗರು ಯಾರಾದರೂ ಇದ್ದರೆ ಅಜ್ಜಿಯನ್ನು ಬೆಳಕಿನಲ್ಲಿ ಕೂರಿಸಿ ಮಾಡಿಕೊಡಿ.

ಇನ್ನೊಂದು ಕಾರಣ ಹೆಸರು. ಆಧಾರ್‌ನಲ್ಲಿ ಹನುಮಂತಪ್ಪ, ಪಹಣಿಯಲ್ಲಿ ಹನ್ಮಂತ, ಬ್ಯಾಂಕಿನಲ್ಲಿ ಅಪ್ಪನ ಹೆಸರು ಸೇರಿಸಿ ಇನ್ನೊಂದು. ಊರಿಗೆಲ್ಲ ಒಬ್ಬನೇ ಅಂತ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಪಹಣಿಯ ತಪ್ಪಿಗೆ ತಹಶೀಲ್ದಾರ್ ಕಚೇರಿಗೆ ತಿದ್ದುಪಡಿ ಅರ್ಜಿ ಕೊಡಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಆಧಾರ್ ಮತ್ತು ಬ್ಯಾಂಕಿನಲ್ಲಿ ತಿದ್ದಿಸೋದು ಸುಲಭ, ಎಷ್ಟೋ ಸಲ ಆ ಎರಡನ್ನು ಪಹಣಿಗೆ ಹೊಂದಿಸಿದರೆ ಕೆಲಸ ಮುಗಿಯುತ್ತದೆ.

ಜಮಾ ಆಗಿದೆ ಅಂತ ತೋರಿಸುತ್ತಿದೆ, ಪಾಸ್‌ಬುಕ್‌ನಲ್ಲಿ ಇಲ್ಲ. ದುಡ್ಡು ಎಲ್ಲಿ ಹೋಯಿತು?

ಗಾಬರಿಯಾಗಬೇಡಿ. ಇದು ಖಾತೆ ನಂಬರಿಗೆ ಬರುವ ದುಡ್ಡಲ್ಲ, ಆಧಾರ್‌ಗೆ ಬರುವ ದುಡ್ಡು. ನಿಮ್ಮ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗಿರುತ್ತದೆ. ಯಾವಾಗಲೋ ಸಾಲಕ್ಕೆ ಅಂತಲೋ, ಉದ್ಯೋಗ ಖಾತ್ರಿ ಕೂಲಿಗೆ ಅಂತಲೋ ಬೇರೆ ಬ್ಯಾಂಕಿನಲ್ಲಿ ಖಾತೆ ತೆಗೆದಿರುತ್ತೀರಿ, ಮರೆತಿರುತ್ತೀರಿ. ಆಧಾರ್ ವೆಬ್‌ಸೈಟಿನಲ್ಲಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ತೋರಿಸುತ್ತದೆ. ಪರಿಹಾರದಂಥ ರಾಜ್ಯದ ದುಡ್ಡಿಗೆ 'ಡಿಬಿಟಿ ಕರ್ನಾಟಕ' ಅನ್ನುವ ಆಪ್ ಇದೆ, ಅದರಲ್ಲಿ ಯಾವ ದಿನ, ಯಾವ ಯೋಜನೆಯದು, ಎಷ್ಟು ಅಂತ ಬರುತ್ತದೆ.

ಇನ್ನೊಂದು ಗೊಂದಲ: ಗೃಹಲಕ್ಷ್ಮಿಯದೂ ₹2,000, ಪಿಎಂ ಕಿಸಾನ್ ಕಂತೂ ₹2,000. ಪಹಣಿ ಅತ್ತೆಯ ಹೆಸರಿನಲ್ಲೇ ಇದ್ದು ಎರಡೂ ಒಂದೇ ಖಾತೆಗೆ ಬಂದರೆ ಯಾವುದು ಬಂತು, ಯಾವುದು ಬರಲಿಲ್ಲ ಅಂತ ಮನೆಯವರಿಗೇ ತಿಳಿಯೋದಿಲ್ಲ. ಪಾಸ್‌ಬುಕ್ ಪ್ರಿಂಟ್ ಹಾಕಿಸಿ ಪಕ್ಕದ ಸಾಲು ಓದಿ.

ಪಹಣಿ ಇನ್ನೂ ತೀರಿಹೋದ ಅಪ್ಪನ, ಅಜ್ಜನ ಹೆಸರಿನಲ್ಲೇ ಇದೆ. ಏನು ಮಾಡೋದು?

ಪೌತಿ ಖಾತೆ ಮಾಡಿಸಿ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿ, ಮುಂದೂಡಬೇಡಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಡಿ, ಗ್ರಾಮ ಆಡಳಿತಾಧಿಕಾರಿ ವಿಚಾರಣೆ ಮಾಡಿ ಮುಂದೆ ಕಳಿಸುತ್ತಾರೆ. ನಮ್ಮ ಭಾಗದಲ್ಲಿ ಅಣ್ಣತಮ್ಮಂದಿರು ಬಾಯಿ ಮಾತಿನಲ್ಲಿ ಹೊಲ ಹಂಚಿಕೊಂಡು ಇಪ್ಪತ್ತು ವರ್ಷದಿಂದ ಉಳುತ್ತಿರುತ್ತಾರೆ, ಕಾಗದದಲ್ಲಿ ಅಜ್ಜನೇ ರೈತ. ಅಜ್ಜನ ಹೆಸರಿಗೆ ಪಿಎಂ ಕಿಸಾನ್ ಇಲ್ಲ, ಪರಿಹಾರ ಇಲ್ಲ, ಬ್ಯಾಂಕ್ ಸಾಲವೂ ಕಷ್ಟ. ಅಪ್ಪ ತೀರಿಕೊಂಡ ಮೇಲೂ ಅವರ ಖಾತೆಗೆ ಕಂತು ಬರುತ್ತಿದ್ದರೆ ಅದನ್ನು ಬಳಸಬೇಡಿ, ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ.

ಒಂದು ಮಾತು, ಅಕ್ಕತಂಗಿಯರ ಹೆಸರು ಬಿಟ್ಟು ವಂಶವೃಕ್ಷ ಮಾಡಿಸುವವರಿದ್ದಾರೆ. ಅದು ತಪ್ಪು. ಆಮೇಲೆ ಒಂದು ತಕರಾರು ಅರ್ಜಿ ಬಿದ್ದರೆ ಎಲ್ಲರದೂ ನಿಂತುಹೋಗುತ್ತದೆ.

ರಾಜ್ಯ ಸರ್ಕಾರ ಕೊಡುತ್ತಿದ್ದ ₹4,000 ಈಗಲೂ ಇದೆಯಾ?

ಇಲ್ಲ. 2019ರಲ್ಲಿ ಕೇಂದ್ರದ ₹6,000 ಜೊತೆಗೆ ರಾಜ್ಯದಿಂದ ಎರಡು ಕಂತಿನಲ್ಲಿ ₹4,000 ಕೊಡಲು ಶುರು ಮಾಡಿದ್ದರು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಅದು ನಿಂತಿತು.

ಬರ ಅಥವಾ ಅತಿವೃಷ್ಟಿ ಪರಿಹಾರದ ಲೆಕ್ಕ ಹೇಗೆ? ಬಾಜು ಹೊಲದವರಿಗೆ ಜಾಸ್ತಿ ಯಾಕೆ ಬಂತು?

ಕೇಂದ್ರದ ವಿಪತ್ತು ಪರಿಹಾರದ ದರದಲ್ಲಿ ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ ₹8,500, ನೀರಾವರಿಗೆ ₹17,000, ದಾಳಿಂಬೆ, ಮಾವಿನಂಥ ಬಹುವಾರ್ಷಿಕ ಬೆಳೆಗೆ ₹22,500. ಒಬ್ಬರಿಗೆ ಎರಡು ಹೆಕ್ಟೇರ್‌ವರೆಗೆ, ಅಂದರೆ ಹೆಚ್ಚುಕಡಿಮೆ ಐದು ಎಕರೆ. ಬೆಳೆ ಶೇಕಡಾ 33 ಅಥವಾ ಅದಕ್ಕಿಂತ ಜಾಸ್ತಿ ಹಾಳಾಗಿರಬೇಕು. ಎಕರೆ ಲೆಕ್ಕಕ್ಕೆ ತಂದರೆ ಮಳೆಯಾಶ್ರಿತಕ್ಕೆ ಸುಮಾರು ₹3,440 ಆಗುತ್ತದೆ. ಒಂದು ಎಕರೆ ಹತ್ತಿಗೆ ಬೀಜ, ಗೊಬ್ಬರ, ಔಷಧಿ, ಕೂಲಿ ಅಂತ ಏನು ಖರ್ಚಾಗುತ್ತದೆ ಅಂತ ನಿಮಗೇ ಗೊತ್ತು, ಬೀಜ ಗೊಬ್ಬರಕ್ಕೂ ಇದು ಸಾಲದು. ಕೆಲವು ಸಲ ರಾಜ್ಯ ಸರ್ಕಾರ ತನ್ನ ಕಡೆಯಿಂದ ಮೇಲೆ ಸೇರಿಸುತ್ತದೆ, ಆ ವರ್ಷದ ಆದೇಶ ನೋಡಬೇಕು.

ಇಬ್ಬರ ಹೊಲ ಅಕ್ಕಪಕ್ಕ ಇದ್ದರೂ ವ್ಯತ್ಯಾಸ ಯಾಕೆ ಬರುತ್ತದೆ ಅಂದರೆ, ಒಬ್ಬರದು ದಾಖಲೆಯಲ್ಲಿ ನೀರಾವರಿ ಅಂತ ಇರುತ್ತದೆ, ಇನ್ನೊಬ್ಬರದು ಖುಷ್ಕಿ ಅಂತ. ಕೊಳವೆಬಾವಿ ಹಾಕಿಸಿ ಎಷ್ಟೋ ವರ್ಷ ಆಗಿದ್ದರೂ ಬೆಳೆ ಸಮೀಕ್ಷೆಯಲ್ಲಿ ನೀರಾವರಿ ಅಂತ ಬಂದಿರೋದಿಲ್ಲ. ಅಥವಾ ಒಬ್ಬರ ಎಲ್ಲ ಸರ್ವೆ ನಂಬರ್ ಎಫ್‌ಐಡಿಯಲ್ಲಿವೆ, ಇನ್ನೊಬ್ಬರದು ಇಲ್ಲ. ಜಂಟಿ ಪಹಣಿ ಆಗಿದ್ದರೆ ನಿಮ್ಮ ಪಾಲಿನಷ್ಟೇ ಲೆಕ್ಕ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. 2024ರ ಜನವರಿಯಲ್ಲಿ ಮೊದಲ ಕಂತಾಗಿ ಗರಿಷ್ಠ ₹2,000 ಬಂತು. ಉಳಿದಿದ್ದು ಬಂದಿದ್ದು ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, ಕೇಂದ್ರದಿಂದ ಹಣ ಬಿಡುಗಡೆಯಾದ ಮೇಲೆ. ಮುಂಗಾರಿಯಲ್ಲಿ ಕಳೆದುಕೊಂಡ ಬೆಳೆಗೆ ಮುಂದಿನ ಮುಂಗಾರಿ ಹೊತ್ತಿಗೆ ದುಡ್ಡು. ಅಷ್ಟರಲ್ಲಿ ಎಷ್ಟು ಮನೆಯವರು ಬೆಂಗಳೂರಿಗೆ ದುಡಿಯೋಕೆ ಹೋಗಿದ್ದರು ಅಂತ ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿದವರಿಗೆ ಗೊತ್ತು.

ಪರಿಹಾರ ಬೇರೆ, ವಿಮೆ ಬೇರೆನಾ?

ಪೂರ್ತಿ ಬೇರೆ. ಪರಿಹಾರಕ್ಕೆ ನೀವು ದುಡ್ಡು ಕಟ್ಟಿರೋದಿಲ್ಲ, ಸರ್ಕಾರ ಕೊಡುತ್ತದೆ. ವಿಮೆಗೆ ಕಂತು ಕಟ್ಟಿರಬೇಕು. ಎರಡೂ ಸಿಗಬಹುದು, ಒಂದು ಬಂದರೆ ಇನ್ನೊಂದು ಬರೋದಿಲ್ಲ ಅನ್ನೋದು ಸುಳ್ಳು.

ಪ್ರಧಾನ ಮಂತ್ರಿ ಫಸಲ್ ಬಿಮಾದಲ್ಲಿ ರೈತರು ಕಟ್ಟೋದು ಮುಂಗಾರಿಗೆ ವಿಮೆ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟದ ಬೆಳೆಗೆ ಶೇ. 5. ಉಳಿದಿದ್ದು ಕೇಂದ್ರ, ರಾಜ್ಯ ಸೇರಿ ಕಟ್ಟುತ್ತವೆ. ಬೆಳೆಸಾಲ ಇರುವವರಿಗೂ 2020ರ ಮುಂಗಾರಿಯಿಂದ ಇದು ಕಡ್ಡಾಯ ಅಲ್ಲ. ಬೇಡ ಅಂದರೆ ಬ್ಯಾಂಕಿಗೆ ಮೊದಲೇ ಬರೆದುಕೊಡಬೇಕು. ನನ್ನನ್ನು ಕೇಳಿದರೆ, ಮಳೆ ನಂಬಿದ ಕುಷ್ಟಗಿ, ಯಲಬುರ್ಗಾ, ದೇವದುರ್ಗ, ಲಿಂಗಸುಗೂರು ಕಡೆಯವರು ವಿಮೆ ಬಿಡಬಾರದು.

ಹೆಚ್ಚಿನ ಸಿಟ್ಟು ಬರೋದು ಇಲ್ಲಿ: "ನನ್ನ ಹೊಲ ಪೂರ್ತಿ ಹೋಗಿದೆ, ವಿಮೆ ಬರಲಿಲ್ಲ." ಮುಖ್ಯ ಬೆಳೆಗೆ ವಿಮೆಯ ಲೆಕ್ಕ ನಡೆಯೋದು ನಿಮ್ಮ ಹೊಲದ ಮೇಲಲ್ಲ, ಗ್ರಾಮ ಪಂಚಾಯಿತಿಯ ಮೇಲೆ. ಪಂಚಾಯಿತಿಯಲ್ಲಿ ಆರಿಸಿದ ಕೆಲವು ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಸರಾಸರಿ ಇಳುವರಿ ತೆಗೆಯುತ್ತಾರೆ. ನಿಗದಿತ ಇಳುವರಿ 10 ಕ್ವಿಂಟಲ್ ಇದ್ದು ಪಂಚಾಯಿತಿ ಸರಾಸರಿ 6 ಬಂದರೆ ವಿಮೆ ಮೊತ್ತದ ಶೇ. 40 ಸಿಗುತ್ತದೆ. ಸರಾಸರಿ 10 ಬಂದರೆ, ನಿಮ್ಮ ಹೊಲ ಒಣಗಿ ನಿಂತಿದ್ದರೂ ಏನೂ ಇಲ್ಲ. ಒಂದೇ ಪಂಚಾಯಿತಿಯಲ್ಲಿ ಒಂದು ಊರಿಗೆ ಕಾಲುವೆ ನೀರು, ಇನ್ನೊಂದು ಊರಿಗೆ ಮಳೆ ಮಾತ್ರ ಇರುವ ಕಡೆ ಇದು ದೊಡ್ಡ ಅನ್ಯಾಯ. ಅದಕ್ಕೇ ಕಟಾವು ಪ್ರಯೋಗ ಯಾವ ದಿನ, ಯಾರ ಹೊಲದಲ್ಲಿ ಅಂತ ಕೇಳಿ ತಿಳಿದುಕೊಂಡು ನಾಲ್ಕು ಜನ ಅಲ್ಲಿಗೆ ಹೋಗಿ ನಿಂತುಕೊಳ್ಳಿ. ತೂಕ ಎಷ್ಟು ಬಂತು ಅಂತ ಕಣ್ಣಾರೆ ನೋಡಿ, ಬರೆದಿಟ್ಟುಕೊಳ್ಳಿ.

ಆಲಿಕಲ್ಲು, ಭೂಕುಸಿತ, ಬೆಳೆ ಮುಳುಗೋದು, ಇಂಥ ಸ್ಥಳೀಯ ಹಾನಿಗೆ ಮಾತ್ರ ಒಂದೊಂದು ಹೊಲದ ಲೆಕ್ಕ ಇದೆ. ಯಾವ ಬೆಳೆಗೆ ಯಾವುದು ಅನ್ವಯಿಸುತ್ತದೆ ಅಂತ ಕಂತು ಕಟ್ಟುವಾಗಲೇ ಕೇಳಿ. ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆ ಅಕಾಲ ಮಳೆಗೆ ಹಾಳಾದರೂ 14 ದಿನದ ಒಳಗಾದರೆ ಅವಕಾಶ ಇದೆ. ಎರಡಕ್ಕೂ 72 ಗಂಟೆಯೊಳಗೆ ತಿಳಿಸಲೇಬೇಕು. 14447ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದುಕೊಳ್ಳಿ. ಫೋಟೋ ತೆಗೆದಿಡಿ.

ನಾನು ಹಾಕಿದ್ದು ತೊಗರಿ, ಸಮೀಕ್ಷೆಯಲ್ಲಿ ಹತ್ತಿ ಅಂತ ಬಂದಿದೆ. ತೊಂದರೆ ಆಗುತ್ತಾ?

ಆಗುತ್ತದೆ. ವಿಮೆ ಕಟ್ಟಿದ ಬೆಳೆಗೂ ಸಮೀಕ್ಷೆಯ ಬೆಳೆಗೂ ತಾಳೆಯಾಗದಿದ್ದರೆ ಅರ್ಜಿ ತಿರಸ್ಕಾರ ಆಗುತ್ತದೆ. ಬೆಂಬಲ ಬೆಲೆ ಕೇಂದ್ರದಲ್ಲೂ ಸಮೀಕ್ಷೆ ನೋಡಿಯೇ ಮಾಲು ತಗೊಳ್ಳೋದು. ಬೆಳೆ ಸಮೀಕ್ಷೆ ಆಪ್‌ನಲ್ಲಿ ನೀವೇ ಹೊಲದಲ್ಲಿ ನಿಂತು ಫೋಟೋ ತೆಗೆದು ಹಾಕಬಹುದು, ಅದೇ ಒಳ್ಳೆಯದು. ಊರಿನ ಹುಡುಗರು ಸಮೀಕ್ಷೆಗೆ ಬಂದರೆ ಜೊತೆಗೆ ಹೋಗಿ. 'ಬೆಳೆ ದರ್ಶಕ' ಆಪ್‌ನಲ್ಲಿ ಏನು ದಾಖಲಾಗಿದೆ ಅಂತ ಕಾಣುತ್ತದೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಿ, ಅದಕ್ಕೆ ಕೊನೆಯ ದಿನ ಇರುತ್ತದೆ. ತೊಗರಿಯೊಳಗೆ ಸಜ್ಜೆ, ಜೋಳದ ಸಾಲು ಹಾಕಿದ್ದರೆ ಮಿಶ್ರ ಬೆಳೆ ಅಂತಲೇ ಬರಬೇಕು.

ತುಂಗಭದ್ರಾ ಎಡದಂಡೆ ಕಾಲುವೆ ಕಡೆ ಇನ್ನೊಂದು ತೊಡಕಿದೆ. ಅಚ್ಚುಕಟ್ಟಿನ ಬಹುಭಾಗ ಕಡಿಮೆ ನೀರಿನ ಬೆಳೆಗೆ ಅಂತ ಗೊತ್ತುಮಾಡಿದ್ದು, ಬೆಳೆಯುತ್ತಿರೋದು ಭತ್ತ. ಮೇಲಿನವರು ಭತ್ತ ಹಚ್ಚಿದಷ್ಟೂ ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆ ಭಾಗಕ್ಕೆ ನೀರು ಬರೋದಿಲ್ಲ. ಕೊನೆ ಭಾಗದವರ ಹೊಲ ಪಹಣಿಯಲ್ಲಿ ನೀರಾವರಿ, ನಿಜದಲ್ಲಿ ಬರಡು. ಅವರು ಹಾಕಿದ ಬೆಳೆಯನ್ನು ಇದ್ದ ಹಾಗೆಯೇ ಸಮೀಕ್ಷೆಯಲ್ಲಿ ಬರೆಸೋದು ಬಹಳ ಮುಖ್ಯ.

ತುಂಗಭದ್ರಾ ಡ್ಯಾಮಿನಿಂದ ಎರಡನೇ ಬೆಳೆಗೆ ನೀರು ಬಿಡದಿದ್ದರೆ ಪರಿಹಾರ ಉಂಟಾ?

ತನ್ನಷ್ಟಕ್ಕೆ ಬರುವಂಥದ್ದು ಯಾವುದೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ನೀರು ಹರಿದುಹೋದದ್ದು ಎಲ್ಲರಿಗೂ ನೆನಪಿದೆ. ಆಮೇಲೆ ಗೇಟುಗಳನ್ನೆಲ್ಲ ಬದಲಾಯಿಸುವ ಕೆಲಸ ಬಂತು, ಹಿಂಗಾರಿ ನೀರಿನ ಪ್ರಶ್ನೆಯೂ ಜೊತೆಗೇ ಬಂತು. ಬಿತ್ತದ ಬೆಳೆಗೆ ಬೆಳೆ ಹಾನಿ ಅಂತ ಬರೆಯೋಕೆ ಆಗೋದಿಲ್ಲ. ಸರ್ಕಾರ ಪ್ರತ್ಯೇಕವಾಗಿ ಘೋಷಣೆ ಮಾಡಿದರೆ ಮಾತ್ರ ಸಿಗುತ್ತದೆ. ಘೋಷಣೆ ಮಾಡಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದಲ್ಲಿ ಒಂದು ಬೆಳೆ ತಪ್ಪಿದರೆ ರೈತರ ಜೊತೆ ನಾಟಿ ಕೂಲಿಯವರು, ಹಮಾಲರು, ರೈಸ್ ಮಿಲ್ಲಿನವರು ಎಲ್ಲರ ಅರ್ಧ ವರ್ಷ ಹೋಗುತ್ತದೆ.

ಲಾವಣಿಗೆ, ಅಂದರೆ ಬೇರೆಯವರ ಹೊಲ ಗುತ್ತಿಗೆಗೆ ಹಿಡಿದು ಮಾಡುವವರಿಗೆ ಏನು ಸಿಗುತ್ತದೆ?

ಬಹಳ ಕಡಿಮೆ. ಪಿಎಂ ಕಿಸಾನ್ ಇಲ್ಲ. ಬೆಳೆ ಪರಿಹಾರ ಪಹಣಿ ಇದ್ದವರ ಖಾತೆಗೇ ಹೋಗುತ್ತದೆ. ಬೆಳೆ ವಿಮೆಯ ನಿಯಮದಲ್ಲಿ ಗುತ್ತಿಗೆದಾರರಿಗೂ ಅವಕಾಶ ಇದೆ, ಆದರೆ ಕಾಗದ ಕೇಳುತ್ತಾರೆ. ಕಾಗದ ಎಲ್ಲಿಂದ ತರಬೇಕು? ಕರ್ನಾಟಕದ ಭೂಸುಧಾರಣೆ ಕಾನೂನಿನಲ್ಲಿ ಕೃಷಿ ಜಮೀನು ಗೇಣಿಗೆ ಕೊಡೋದಕ್ಕೇ ನಿರ್ಬಂಧ ಇದೆ. ಉಳುವವನೇ ಒಡೆಯ ಆಗಲಿ ಅಂತ 1974ರಲ್ಲಿ ತಂದ ತಿದ್ದುಪಡಿ ಅದು. ಇವತ್ತು ಅದೇ ಕಾರಣಕ್ಕೆ ಉಳುವವರ ಬಳಿ ಒಂದು ಚೀಟಿಯೂ ಇಲ್ಲ. ಮಾಲೀಕರು ಬರೆದುಕೊಡೋಕೆ ಹೆದರುತ್ತಾರೆ. ಮಾತಿನ ಮೇಲೆ ಎಕರೆಗೆ ಇಷ್ಟು ಚೀಲ ಅಂತ ಆಗಿರುತ್ತದೆ. ಬೆಳೆ ಹೋದರೆ ಸಾಲ ಲಾವಣಿಯವರ ತಲೆ ಮೇಲೆ, ಪರಿಹಾರ ಮಾಲೀಕರ ಖಾತೆಗೆ.

ಈಗಿನ ಮಟ್ಟಿಗೆ ಮಾಡಬಹುದಾದದ್ದು ಒಂದೇ. ಲಾವಣಿ ಮಾತಾಡುವ ದಿನವೇ, ನಾಲ್ಕು ಹಿರಿಯರ ಮುಂದೆ, ಪರಿಹಾರ ಅಥವಾ ವಿಮೆ ಬಂದರೆ ಯಾರಿಗೆ ಎಷ್ಟು ಅಂತ ತೀರ್ಮಾನ ಮಾಡಿಕೊಳ್ಳಿ. ಮಾಲೀಕರೇ ಓದುತ್ತಿದ್ದರೆ ಒಂದು ಮಾತು: ಬೆಳೆಯ ಖರ್ಚು ಮಾಡಿದವರು ಅವರು. ಆ ದುಡ್ಡು ಅವರಿಗೆ ಕೊಡಿ. ಹಾಗೆ ಕೊಟ್ಟ ಮಾಲೀಕರೂ ನಮ್ಮ ಊರುಗಳಲ್ಲಿ ಇದ್ದಾರೆ. ಸರ್ಕಾರ ಮಾಡಬೇಕಾದದ್ದು, ಜಮೀನಿನ ಹಕ್ಕಿಗೆ ಧಕ್ಕೆ ಆಗದ ಹಾಗೆ ಸಾಗುವಳಿದಾರರನ್ನು ಬೇರೆಯಾಗಿ ಗುರುತಿಸುವ ಒಂದು ಪಟ್ಟಿ. ಬೆಳೆ ಸಮೀಕ್ಷೆಗೆ ಪ್ರತಿ ಹೊಲಕ್ಕೂ ಹೋಗುತ್ತಾರಲ್ಲ, ಯಾರು ಬೆಳೆದಿದ್ದಾರೆ ಅಂತ ಒಂದು ಸಾಲು ಜಾಸ್ತಿ ಬರೆದುಕೊಳ್ಳೋದು ಕಷ್ಟವೇನಲ್ಲ.

ಬಂದ ಪರಿಹಾರವನ್ನು ಬ್ಯಾಂಕಿನವರು ಸಾಲಕ್ಕೆ ಹಿಡಿದುಕೊಂಡರು. ಸರಿನಾ?

ಸರಿಯಲ್ಲ. 2024ರಲ್ಲಿ ಇಂಥ ದೂರು ಬಂದಾಗ ಬರ ಪರಿಹಾರವನ್ನು ಸಾಲಕ್ಕೆ ಜಮಾ ಮಾಡಿಕೊಳ್ಳಬಾರದು ಅಂತ ರಾಜ್ಯ ಸರ್ಕಾರ ಬ್ಯಾಂಕುಗಳಿಗೆ ಸೂಚಿಸಿತ್ತು. ಮ್ಯಾನೇಜರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಒಪ್ಪದಿದ್ದರೆ ತಹಶೀಲ್ದಾರ್, ಲೀಡ್ ಬ್ಯಾಂಕ್ ಮ್ಯಾನೇಜರ್, ಜಿಲ್ಲಾಧಿಕಾರಿ, ಇವರಿಗೆ ಅದರ ಪ್ರತಿ ಕೊಡಿ. ಬಾಯಿ ಮಾತಿನ ಜಗಳದಿಂದ ಏನೂ ಆಗೋದಿಲ್ಲ.

ಡ್ರಿಪ್, ಸ್ಪ್ರಿಂಕ್ಲರ್, ಯಂತ್ರಕ್ಕೆ ಸಬ್ಸಿಡಿ ಹೇಗೆ?

ಹನಿ ಮತ್ತು ತುಂತುರು ನೀರಾವರಿಗೆ ರಾಜ್ಯದಲ್ಲಿ ಎರಡು ಹೆಕ್ಟೇರ್‌ವರೆಗೆ ಶೇ. 90ರವರೆಗೆ ಸಹಾಯಧನ. ಯಂತ್ರಕ್ಕೆ ಸಾಮಾನ್ಯ ವರ್ಗಕ್ಕೆ ಶೇ. 50, ಪರಿಶಿಷ್ಟರಿಗೆ ಶೇ. 90, ಮಿತಿಯೊಳಗೆ. ಮೊದಲು ಅರ್ಜಿ, ಆಮೇಲೆ ಮಂಜೂರಾತಿ, ಆಮೇಲೆ ಖರೀದಿ. ಅಂಗಡಿಯವರ ಮಾತು ಕೇಳಿ ಮೊದಲೇ ತಗೊಂಡು ಬಿಲ್ ಹಿಡಿದು ಹೋದರೆ ಸಿಗೋದಿಲ್ಲ. ಶೇ. 90 ಅನ್ನೋದು ಇಲಾಖೆ ನಿಗದಿ ಮಾಡಿದ ದರದ ಮೇಲೆ, ಅಂಗಡಿಯವರು ಹೇಳಿದ ದರದ ಮೇಲಲ್ಲ. ಕೊಳ್ಳುವಷ್ಟು ಶಕ್ತಿ ಇಲ್ಲದವರು ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಕೇಳಿ.

ಗೊಬ್ಬರಕ್ಕೂ ಸಬ್ಸಿಡಿ ಇದೆ ಅಂತಾರೆ, ನಮ್ಮ ಖಾತೆಗೆ ಯಾಕೆ ಬರೋದಿಲ್ಲ?

ಅದು ಕಂಪನಿಗೆ ಹೋಗುತ್ತದೆ. 45 ಕೆಜಿ ಯೂರಿಯಾ ಚೀಲ ₹266.50ಕ್ಕೆ ಸಿಗೋದು ಅದರಿಂದಲೇ. ನೀವು ಹೆಬ್ಬೆಟ್ಟು ಒತ್ತಿ ತಗೊಂಡ ಚೀಲದ ಲೆಕ್ಕದ ಮೇಲೆ ಕಂಪನಿಗೆ ಸಬ್ಸಿಡಿ ಸೇರುತ್ತದೆ. ರಸೀದಿ ಕೇಳಿ. ಚೀಲದ ಮೇಲಿನ ಬೆಲೆಗಿಂತ ಜಾಸ್ತಿ ಕೊಡಬೇಡಿ. ಯೂರಿಯಾ ಬೇಕಾದರೆ ಬೇರೆ ಔಷಧಿಯನ್ನೂ ತಗೋ ಅಂತ ಕಟ್ಟಿದರೆ ಕೃಷಿ ಇಲಾಖೆಗೆ ದೂರು ಕೊಡಿ.

ವಾಟ್ಸಾಪಿನಲ್ಲಿ 'ಪಿಎಂ ಕಿಸಾನ್' ಅಂತ ಫೈಲ್ ಬಂದಿದೆ. ತೆಗೀಬಹುದಾ?

ತೆಗೀಬೇಡಿ. ಎಪಿಕೆ ಅಂತ ಕೊನೆಯಾಗುವ ಫೈಲ್ ಯಾರು ಕಳಿಸಿದ್ದರೂ, ನಿಮ್ಮ ಊರ ಗ್ರೂಪಿನಲ್ಲೇ ಬಂದಿದ್ದರೂ ಮುಟ್ಟಬೇಡಿ. ಅದು ಫೋನಿಗೆ ಇಳಿದರೆ ಓಟಿಪಿ ಕದ್ದು ಖಾತೆ ಖಾಲಿ ಮಾಡುತ್ತಾರೆ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಹಾಗೆಯೇ "ಸಾವಿರ ಕೊಡು, ಮಂಜೂರು ಮಾಡಿಸ್ತೀನಿ" ಅನ್ನುವವರನ್ನೂ ನಂಬಬೇಡಿ, ಫ್ರೂಟ್ಸ್ ನೋಂದಣಿಗೆ ದುಡ್ಡಿಲ್ಲ.

ಎಲ್ಲ ಸರಿ ಇದ್ದೂ ಬರದಿದ್ದರೆ ಯಾರನ್ನು ಕೇಳಬೇಕು?

ಪಿಎಂ ಕಿಸಾನ್‌ಗೆ 155261. ಪಿಎಂ ಕಿಸಾನ್, ಫ್ರೂಟ್ಸ್, ಯಂತ್ರ ಎಲ್ಲಕ್ಕೂ ಮೊದಲು ರೈತ ಸಂಪರ್ಕ ಕೇಂದ್ರ, ಅಲ್ಲಿ ಆಗದಿದ್ದರೆ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರು. ಪಹಣಿ, ಬೆಳೆ ಪರಿಹಾರಕ್ಕೆ ಗ್ರಾಮ ಆಡಳಿತಾಧಿಕಾರಿ, ತಹಶೀಲ್ದಾರ್. ಹೋಗುವಾಗ ಆಧಾರ್, ಎಫ್‌ಐಡಿ, ಪಹಣಿ, ಪಾಸ್‌ಬುಕ್ಕಿನ ಜೆರಾಕ್ಸ್ ಒಂದು ಕವರಿನಲ್ಲಿ ಇಟ್ಟುಕೊಂಡೇ ಹೋಗಿ. ಅರ್ಜಿ ಎರಡು ಪ್ರತಿ ಬರೆಯಿರಿ, ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಬನ್ನಿ. ಕಟಾವು ಪ್ರಯೋಗದ ಅಂಕಿ, ಪರಿಹಾರದ ಪಟ್ಟಿ ಕೊಡೋದಿಲ್ಲ ಅಂದರೆ ₹10 ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ಒಬ್ಬರೇ ಹೋಗೋದಕ್ಕಿಂತ ಅದೇ ತೊಂದರೆ ಇರುವ ಊರಿನ ಹತ್ತು ಜನ ಒಂದೇ ದಿನ ಹೋದರೆ ಕಡತ ಬೇಗ ಮುಂದೆ ಹೋಗುತ್ತದೆ.